ಸೋಮವಾರದ ಎಣ್ಣೆ

ಗೌರವ್ವ ಕಡಾಯಿಯೊಳಗೆ ಕೂತಿದ್ದಳು. ಹೊಟ್ಟೆಯಲ್ಲಿ ಆರು ತಿಂಗಳ ಕೂಸು, ಕೈಯಲ್ಲಿ ಇಟ್ಟಂಗಿ ಚೂರು.

ಹೌದು, ಒಳಗೇ ಕೂತಿದ್ದಳು. ನಿಮ್ಮ ಮನೆಯ ಒಲೆಯ ಮೇಲಿನ ಕಡಾಯಿ ಎಂದುಕೊಳ್ಳಬೇಡಿ. ಇದು ಶೇವು ಕರಿಯುವ ಕಾರ್ಖಾನೆಯ ಕಡಾಯಿ. ಭಟ್ಟಿಯಿಂದ ಕೆಳಗಿಳಿಸಲು ನಾಲ್ಕು ಗಂಡಸರು ಬೇಕು. ಹೊರಗೆ ನಿಂತು ಬಗ್ಗಿದರೆ ಕೈ ತಳಕ್ಕೆ ಮುಟ್ಟುವುದಿಲ್ಲ. ಅದಕ್ಕೇ ನಾವು ಸೀರೆ ಮೇಲಕ್ಕೆ ಕಟ್ಟಿಕೊಂಡು ಒಳಗಿಳಿದು, ಕುಕ್ಕರಗಾಲಲ್ಲಿ ಕೂತು ತಿಕ್ಕುತ್ತಿದ್ದೆವು. ಕಬ್ಬಿಣ ಇನ್ನೂ ಬಿಸಿ ಇರುತ್ತಿತ್ತು. ಅಂಗಾಲು ಸುಡುತ್ತಿತ್ತು. ವಾಷಿಂಗ್ ಸೋಡಾ ಬೆರಳ ಸಂದಿಯ ಚರ್ಮವನ್ನು ತಿನ್ನುತ್ತಿತ್ತು. ಎಣ್ಣೆ ಸುಟ್ಟು ಸುಟ್ಟು ಕಬ್ಬಿಣಕ್ಕೆ ಮೆತ್ತಿಕೊಂಡ ಆ ಕರೀ ಕಿಟ್ಟ ಸುಲಭಕ್ಕೆ ಬಿಡುವಂಥದ್ದಲ್ಲ. ಇಟ್ಟಂಗಿ ಚೂರಿನಿಂದ ಕೆರೆಯಬೇಕು, ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು, ಕೊನೆಗೆ ಉಗುರಿನಿಂದ ಕೆರೆಯಬೇಕು.

"ಅಕ್ಕಾ, ಕೂಸು ಒದ್ದಂಗಾತು ನೋಡ," ಎಂದು ಗೌರವ್ವ ನಕ್ಕಳು.

"ಒದೀಲಾರದ ಏನ ಮಾಡತೈತಿ? ಅದಕ್ಕೂ ಒಳಗ ಝಳ ಹತ್ತಾಕತ್ತೈತಿ. ಏಳ ಮ್ಯಾಲ," ಎಂದು ನಾನು ಬೈದು ಅವಳನ್ನು ರಟ್ಟೆ ಹಿಡಿದು ಹೊರಗೆಳೆದು, ನಾನು ಇಳಿದೆ.

ನಾನು ಲಗಮವ್ವ, ಅವಳ ಅಕ್ಕ. ಗಂಡ ಸತ್ತ ಮೇಲೆ ತಂಗಿಯ ಮನೆಯೇ ನನ್ನ ಮನೆ. ಖಾನಾಪುರದಲ್ಲಿ ಹಂಚಿನ ಭಟ್ಟಿಗಳು ಮುಗಿದ ಮೇಲೆ ನಮ್ಮ ಹೊಲೆಯರ ಕೇರಿ. ಗೌರವ್ವ, ಅವಳ ಗಂಡ ಸಿದರಾಯ, ನಾನು, ಕೇರಿಯ ಇನ್ನೂ ಕೆಲವು ಹೆಂಗಸರು ದಿನಾ ಬೆಳಿಗ್ಗೆ ಲೋಂಡಾ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ಹತ್ತಿ ಬೆಳಗಾವಿಗೆ ಬರುತ್ತಿದ್ದೆವು. ಸ್ಟೇಷನ್ನಿನಿಂದ ಹಳಿಯ ಗುಂಟ ನಡೆದು ಮೂರನೇ ಗೇಟು ದಾಟಿದರೆ ಕಾರ್ಖಾನೆ. ಸಿದರಾಯ ಭಟ್ಟಿಗೆ ಕಟ್ಟಿಗೆ ಹಾಕುತ್ತಿದ್ದ. ನಮ್ಮದು ಕಡಾಯಿ.

ಗೌರವ್ವನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಬಸಿರು ಅದು. ಕೇರಿಯ ಮಂದಿ ಬಂಜೆ ಎಂದು ಬಾಯಿಬಿಟ್ಟೇ ಕರೆಯಲು ಶುರುಮಾಡಿದ್ದರು. ಈ ಕೂಸು ಉಳಿಯಬೇಕಿತ್ತು. ನನಗೆ ಬೇರೆ ಏನೂ ಬೇಕಿರಲಿಲ್ಲ.

ಕಡಾಯಿಯನ್ನು ಮೊದಲು ದಿನಾ ತಿಕ್ಕುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ತಿಕ್ಕಿದರೆ ಹೆಚ್ಚು. ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುತ್ತಲೇ ಹೋಗುತ್ತಿದ್ದರು. ಎಂಬತ್ತೆರಡರಲ್ಲಿ ಉತ್ತಮ ಬಂದ ಮೇಲೆ ಎಲ್ಲ ಬದಲಾಯಿತು. ಉತ್ತಮ ಧಾರವಾಡದಲ್ಲಿ ಕೆಮಿಸ್ಟ್ರಿ ಕಲಿತ ಜೈನರ ಹುಡುಗ, ಮನೆ ಬೆಳಗಾವಿಯ ಹಿಂದವಾಡಿಯಲ್ಲಿ. ಮುಂಬೈಯ ದೊಡ್ಡ ಕಂಪನಿಯೊಂದು ನಮ್ಮ ಶೇವು, ಚಿವಡಾ ಕೊಂಡು ತನ್ನ ಹೆಸರಿನ ಪ್ಯಾಕೆಟ್ಟಿನಲ್ಲಿ ಮಾರುತ್ತೇನೆ ಎಂದಿತ್ತು. ಆದರೆ ಎಣ್ಣೆ ಪರೀಕ್ಷೆ ಆಗಬೇಕು ಎಂದಿತ್ತು. ಅದಕ್ಕೆ ಮಾಲೀಕ ಗುರುಪಾದಪ್ಪ ಇವನನ್ನು ತಂದು ಬಿಳಿ ಕೋಟು ತೊಡಿಸಿ ಕೂಡಿಸಿದ.

ಬಂದವನೇ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಮೆತ್ತಗೆ ಮಾತಾಡುತ್ತಿದ್ದ. ಆ ಮೆತ್ತಗಿನ ಮಾತಿಗೇ ನನಗೆ ಇವತ್ತಿಗೂ ಮೈ ಉರಿಯುತ್ತದೆ.

"ಎಣ್ಣಿ ಸುಟ್ಟಷ್ಟೂ ಅದರಾಗ ವಿಷ ಹುಟ್ಟತಾವ. ಹೊಗಿ ಬರೂತನಕ ಕಾಸಬ್ಯಾಡ್ರಿ. ಶೇವು ಕಂದು ಆಗೂಕಿಂತ ಮೊದಲ ಎತ್ರಿ. ಕರಕ ಎಣ್ಣ್ಯಾಗ ಉಳಿಸಬ್ಯಾಡ್ರಿ. ಕಡಾಯಿಗೆ ಕಿಟ್ಟ ಇತ್ತಂದ್ರ ಹೊಸಾ ಎಣ್ಣೀನೂ ಕೆಡತೈತಿ, ಅದಕ್ಕ ದಿನಾ ತಳ ಕಾಣೂಹಂಗ ತಿಕ್ಕಬೇಕು."

ಎಲ್ಲ ಹೇಳಿದ. ಯಾರು ತಿಕ್ಕಬೇಕು ಎಂದು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹಿಟ್ಟು ಮುಟ್ಟುವಂತಿಲ್ಲ, ಶೇವು ಮುಟ್ಟುವಂತಿಲ್ಲ, ಪ್ಯಾಕೆಟ್ಟು ಮುಟ್ಟುವಂತಿಲ್ಲದ ನಮಗೆ ಅಲ್ಲಿ ಮುಟ್ಟಲು ಇದ್ದದ್ದು ಅದೊಂದೇ. ಅದೂ ಹೊಲಸಾಗಿರುವಾಗ ಮಾತ್ರ. ನಾವು ತಿಕ್ಕಿ ಹೊಳೆಯುವಂತೆ ಮಾಡಿ ದೂರ ಸರಿಯಬೇಕು. ಶೇವು ಕರಿಯುವ ಕಲ್ಲಯ್ಯ ಬಂದು ಎರಡು ಕೊಡ ನೀರು ಹಾಕಿ, ಅದನ್ನು ಶುದ್ಧ ಮಾಡಿ ಒಳಗೆ ಒಯ್ಯಿಸುತ್ತಿದ್ದ. ಪ್ಯಾಕೆಟ್ಟಿನ ಮೇಲೆ ಟೊಪ್ಪಿಗೆ ಹಾಕಿಕೊಂಡ ಹೆಂಗಸೊಬ್ಬಳ ಚಿತ್ರ. ಕೆಳಗೆ, ಕೈ ಮುಟ್ಟದೆ ತಯಾರಿಸಿದ್ದು ಎಂದು ಅಚ್ಚು. ನಮ್ಮ ಕೈ ಕಂಡಿದ್ದರೆ ಹಾಗೆ ಅಚ್ಚು ಹಾಕಿಸುತ್ತಿದ್ದರೋ ಇಲ್ಲವೋ ಕಾಣೆ.

ಗೌರವ್ವನ ಕೂಸು ಒದ್ದ ಆವತ್ತು, ಕಡಾಯಿ ತಿಕ್ಕಿ ಮುಗಿಸಿದ ಮೇಲೆ ನಾನು ಗುರುಪಾದಪ್ಪನ ಆಫೀಸಿನ ಬಾಗಿಲಿಗೆ ಹೋಗಿ ನಿಂತೆ. ಅವನ ಹಣೆಯ ತುಂಬ ವಿಭೂತಿ, ಬಾಯಿ ತುಂಬ ಶಿವನ ಹೆಸರು. ಹೆಸರೇನೋ ಒಳ್ಳೆಯದೇ, ಬಾಯಿ ಕೆಟ್ಟದ್ದು.

"ಸಾವಕಾರ್ರ, ನಮ್ಮ ಗೌರವ್ವ ಬಸರ ಆಗ್ಯಾಳ್ರಿ. ಕಡಾಯಿ ಒಳಗ ಕುಂದ್ರೂದು ಆಗವಲ್ದು. ಹಡ್ಯೂಮಟ ಆಕೀನ್ನ ಪ್ಯಾಕಿಂಗ್ ಖೋಲ್ಯಾಗ ಹಾಕ್ರಿ. ಅಲ್ಲಿ ಕುಂತ ಮಾಡೂ ಕೆಲಸಾ, ಫ್ಯಾನೂ ಐತಿ."

"ಪ್ಯಾಕಿಂಗ್ ಖೋಲ್ಯಾಗ?" ಎಂದು ಅವನು ಕನ್ನಡಕ ತೆಗೆದ. "ನೋಡ ಲಗಮವ್ವ, ನನಗೇನ ಭೇದ ಇಲ್ಲ. ನಾವು ಬಸವಣ್ಣನ ಮಂದಿ. ಆದ್ರ ತಿನ್ನೂ ಮಂದಿ ಒಪ್ಪಬೇಕಲ್ಲ?"

"ತಿನ್ನೂ ಮಂದಿಗೆ ಯಾರ ಹೇಳತಾರ್ರಿ?"

"ಅಲ್ಲಿ ಕುಂತಿರೂ ಹೆಣಮಕ್ಕಳ ಹೇಳತಾರ. ನಾಳಿಂದ ಅವ್ರ ಒಬ್ಬರೂ ಬರಂಗಿಲ್ಲ. ನಿನ್ನ ತಂಗಿ ಸಲುವಾಗಿ ನಾ ಕಾರ್ಖಾನಿಗೆ ಕೀಲಿ ಹಾಕ್ಲೇನು? ಹೋಗ, ಸಾವಕಾಶ ಮಾಡಂತ ಹೇಳ ಆಕಿಗೆ."

ಕಡಾಯಿಯೊಳಗೆ ಸಾವಕಾಶವಾಗಿ ಕೂಡುವುದು ಹೇಗೆ ಎಂದು ಇವನು ಒಮ್ಮೆ ಇಳಿದು ತೋರಿಸಬೇಕಿತ್ತು ಎನ್ನಿಸಿತು. ತಿರುಗಿ ಬಂದೆ. ಅಂದಿನಿಂದ ಗೌರವ್ವನ ಪಾಲಿನ ಕಡಾಯಿಯನ್ನೂ ನಾನೇ ತಿಕ್ಕಿದೆ. ಆದರೂ ಅವಳು ಸುಮ್ಮನೆ ಕೂಡುವಂತಿರಲಿಲ್ಲ. ಕರಕು ಸೋಸುವುದು, ಡಬ್ಬ ಹೊರುವುದು ಅವಳಿಗೆ ತಪ್ಪಲಿಲ್ಲ.

ಇನ್ನು ಆ ಎಣ್ಣೆಯ ಮಾತು.

ಉತ್ತಮನ ಮೇಜಿನ ಮೇಲೆ ಗಾಜಿನ ಶೀಶೆಗಳಿದ್ದವು. ಎಣ್ಣೆಯ ಶೀಶೆಗೆ ಅವನು ಏನೋ ಔಷಧಿಯನ್ನು ಹನಿ ಹನಿ ಬಿಡುತ್ತಿದ್ದ. ಎಣ್ಣೆ ಒಳ್ಳೆಯದಿದ್ದರೆ ಸ್ವಲ್ಪಕ್ಕೇ ಗುಲಾಬಿ ಬಣ್ಣ ಬರುತ್ತಿತ್ತು. ಕೆಟ್ಟಿದ್ದರೆ ಎಷ್ಟು ಹನಿ ಬಿಟ್ಟರೂ ಬಣ್ಣ ಬರುತ್ತಿರಲಿಲ್ಲ. ಬಾರದಿದ್ದರೆ, "ಈ ಎಣ್ಣಿ ತಗೀರಿ," ಎನ್ನುತ್ತಿದ್ದ. ಕಲ್ಲಯ್ಯ ಅದನ್ನು ಡಬ್ಬಕ್ಕೆ ಸುರಿಸಿ ಹಿಂದೆ ಇಡಿಸುತ್ತಿದ್ದ. ಕರೀ ಎಣ್ಣೆ. ಬೆರಳು ಅದ್ದಿದರೆ ಬೆಲ್ಲದ ಪಾಕ ಅಂಟಿದ ಹಾಗೆ ಅಂಟುತ್ತಿತ್ತು. ಡಬ್ಬಗಳು ತುಂಬುತ್ತ ಹೋದವು. ಗುರುಪಾದಪ್ಪ ದಿನಾ ಅವುಗಳ ಮುಂದೆ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಚೆಲ್ಲಲು ಅವನಿಗೆ ಜೀವ ಒಪ್ಪುತ್ತಿರಲಿಲ್ಲ.

ಒಂದು ಸೋಮವಾರ ಅವನು ಮಡಿ ಉಟ್ಟು ಬಂದ. ಹಿಂದಿನ ಕಟ್ಟೆಯ ಮೇಲೆ ಡಬ್ಬ ಇಡಿಸಿದ. ಊದಿನಕಡ್ಡಿ ಹಚ್ಚಿದ. "ಬರ್ರವಾ, ಎಲ್ಲಾರೂ ಬರ್ರಿ. ಇವತ್ತಿಂದ ಸೋಮವಾರಕ್ಕೊಮ್ಮಿ ದಾಸೋಹ. ಬಸವಣ್ಣನ ಹೆಸರಲೆ ಕೊಡತೇನಿ, ಇಲ್ಲ ಅನಬಾರದು," ಎಂದ. ಕಟ್ಟೆಯ ಕೆಳಗೆ ನಾವು ಡಬ್ಬಿ ಹಿಡಿದು ನಿಂತೆವು. ಡಬ್ಬಿಗೆ ಸೌಟು ತಾಗದ ಹಾಗೆ ಮೇಲಿನಿಂದ ಸುರಿದ. ಸೀರೆಯ ಮೇಲೆಲ್ಲ ಸಿಡಿಯಿತು. ಜೊತೆಗೆ ಸೋಸಿ ತೆಗೆದ ಕರಕು ಶೇವು, ಒಬ್ಬೊಬ್ಬರಿಗೆ ಒಂದೊಂದು ಬೊಗಸೆ. ಪ್ಯಾಕಿಂಗ್ ಖೋಲಿಯ ಹೆಂಗಸರನ್ನು ಆ ದಾಸೋಹಕ್ಕೆ ಕರೆಯಲಿಲ್ಲ. ಕಲ್ಲಯ್ಯನೂ ಒಯ್ಯಲಿಲ್ಲ. ಬಸವಣ್ಣ ಬಂದು ನೋಡಿದ್ದರೆ ತನ್ನ ಕೈಯಾರೆ ಅವನ ಹಣೆಯ ವಿಭೂತಿ ಒರೆಸಿ ಹೋಗುತ್ತಿದ್ದ.

ಉತ್ತಮ ಕಿಟಕಿಯಲ್ಲಿ ನಿಂತು ನೋಡಿದ. ನಾನು ಅವನನ್ನು ಕಂಡೆ. ಅವನು ಕಿಟಕಿ ಬಿಟ್ಟು ಒಳಗೆ ಸರಿದ.

ನಮ್ಮ ಕೇರಿಗೆ ಮಾತ್ರ ಹಬ್ಬ ಬಂದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ? ರೇಷನ್ ಅಂಗಡಿಯಲ್ಲಿ ಎಣ್ಣೆ ಬಂತೆಂದರೆ ಬಡಿದಾಡಿ ತರುತ್ತಿದ್ದ ಕಾಲ. ನಮ್ಮ ಒಲೆಯ ಮೇಲೆ ಒಗ್ಗರಣೆಗೆ ಎಣ್ಣೆ ತೋರಿಸುವುದಷ್ಟೇ, ಹಾಕುವುದಲ್ಲ. ಅಂಥ ಮನೆಗೆ ಡಬ್ಬಿ ತುಂಬ ಎಣ್ಣೆ ಬಂದರೆ ಯಾರಾದರೂ ದಿನಾ ಸುರಿದುಕೊಂಡು ತಿನ್ನುತ್ತಾರೆಯೇ? ಇಲ್ಲ. ಕೂಡಿಟ್ಟರು. ಕರಿದದ್ದು ತಿನ್ನುವುದು ನಮ್ಮಲ್ಲಿ ಹಬ್ಬಕ್ಕೆ, ಮದುವೆಗೆ, ಬಸುರಿಗೆ ಮಾಡುವ ಕುಪ್ಪಸಕ್ಕೆ. ತಗಡಿನ ಮಾಡಿನ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಿ, ಒಂದು ಸೋಮವಾರದ ಎಣ್ಣೆಯ ಮೇಲೆ ಇನ್ನೊಂದು ಸೋಮವಾರದ ಎಣ್ಣೆ ಹಾಕಿಟ್ಟರು. "ಗೌರವ್ವನ ಕುಪ್ಪಸಕ್ಕ ಆಕ್ಕೈತಿ ಬಿಡ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಬಂಜೆ ಎಂದವರೂ ತಮ್ಮ ಪಾಲು ಎತ್ತಿಟ್ಟಿದ್ದರು. ಅಷ್ಟು ಪ್ರೀತಿ ಇತ್ತು ಆ ಎಣ್ಣೆಯಲ್ಲಿ.

ಏಳನೇ ತಿಂಗಳಿಗೆ ಕುಪ್ಪಸ ಇಟ್ಟುಕೊಂಡೆವು. ಗೌರವ್ವನಿಗೆ ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಕೇರಿಯ ನಡುವೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆವು. ಪ್ರತಿ ಮನೆಯಿಂದ ಡಬ್ಬಿ ಬಂತು. ಎಲ್ಲ ಎಣ್ಣೆ ಒಂದೇ ಪಾತ್ರೆಗೆ ಬಿತ್ತು. ಕರಿಗಡಬು ಬಿಟ್ಟ ಕೂಡಲೇ ನೊರೆ ಅಂಚಿನವರೆಗೆ ಉಕ್ಕಿ ಬಂತು. ಹೊಗೆ ಕಣ್ಣು ಚುಚ್ಚಿತು. ಮುದುಕಿಯೊಬ್ಬಳು, "ಯವ್ವಾ, ಇದೇನ ನಾತ ಇದು?" ಎಂದಳು.

"ಫ್ಯಾಕ್ಟರಿ ಎಣ್ಣಿ ಹಂಗ ಇರತೈತಿ, ನಿನಗೇನ ಗೊತ್ತ ಮುದಕಿ," ಎಂದು ಹುಡುಗಿಯರು ಅವಳನ್ನು ಕಾಡಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತೇ? ಬಸುರಿಯ ಮುಂದೆ ನಗದೆ ಅಳಬೇಕಿತ್ತೇ?

ಕುಪ್ಪಸದ ದಿನ ಬಂದ ಮುತ್ತೈದೆಯರೆಲ್ಲ ಬಸುರಿಗೆ ತಮ್ಮ ಕೈಯಾರೆ ಒಂದೊಂದು ತುತ್ತು ತಿನ್ನಿಸಬೇಕು. ಬೇಡ ಎನ್ನಬಾರದು. ಎಂದರೆ ಆ ತುತ್ತಿನ ಹರಕೆ ಕೂಸಿಗೆ ಮುಟ್ಟುವುದಿಲ್ಲ ಎಂದು ನಮ್ಮ ನಂಬಿಕೆ. ಒಂಬತ್ತು ವರ್ಷ ಕಾದವಳು ಯಾರ ಹರಕೆ ಬಿಟ್ಟಾಳು? ಎಲ್ಲರ ಕೈಯಿಂದ ತಿಂದಳು. ಕಡಬು, ಭಜಿ, ಮತ್ತೆ ಕಡಬು. ಹೊಟ್ಟೆ ತುಂಬಿದ ಮೇಲೂ ಬಾಯಿ ತೆರೆದಳು. "ಸಾಕ್ರೇ ಯವ್ವಾ," ಎನ್ನುತ್ತ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಮತ್ತೆ ತಿಂದಳು.

ಸಂಜೆಗೆ ಮೊದಲ ವಾಂತಿ ಆದದ್ದು ಒಂದು ಕೂಸಿಗೆ. ದೀಪ ಹಚ್ಚುವ ಹೊತ್ತಿಗೆ ಕೇರಿಯ ಎಲ್ಲ ಮನೆಯ ಮುಂದೂ ಮಂದಿ ಬಗ್ಗಿ ನಿಂತಿದ್ದರು. ಗಂಟಲು ಉರಿ, ಹೊಟ್ಟೆ ನುಲಿತ, ಭೇದಿ. ನನಗೂ ಆಯಿತು. ಆದರೆ ಗೌರವ್ವನಷ್ಟು ಯಾರಿಗೂ ಆಗಲಿಲ್ಲ. ಅವಳ ಹೊಟ್ಟೆಯಲ್ಲಿ ಏನೂ ಉಳಿಯದಾದ ಮೇಲೂ ವಾಂತಿ ನಿಲ್ಲಲಿಲ್ಲ. ಆಮೇಲೆ ಹೊಟ್ಟೆ ಕಲ್ಲಿನಂತೆ ಬಿಗಿಯಲು ಶುರುವಾಯಿತು. ಸಿದರಾಯ ಹಂಚಿನ ಭಟ್ಟಿಗೆ ಓಡಿ ಲಾರಿಯವನ ಕಾಲು ಹಿಡಿದ. ಹಂಚಿನ ಚೂರುಗಳ ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿ ದವಾಖಾನೆಗೆ ಒಯ್ದೆವು.

"ಏನ ತಿಂದೀರಿ?" ಎಂದು ಡಾಕ್ಟರ್ ಕೇಳಿದರು. ಸಿದರಾಯ ಮನೆಗೆ ಹೋಗಿ ಎಣ್ಣೆಯ ಡಬ್ಬಿ ತಂದ. ಅವರು ಮೂಸಿ ನೋಡಿ ಮುಖ ತಿರುಗಿಸಿದರು. "ಇದನ್ನ ಯಾರ ಕೊಟ್ರು ನಿಮಗ? ಇದನ್ನ ದೀಪಕ್ಕೂ ಹಾಕಬಾರದು," ಎಂದರು.

ಬೆಳಿಗ್ಗೆ ಕೂಸು ಬಂತು. ಅಳಲಿಲ್ಲ. ನಾನು ಬೆನ್ನು ತಟ್ಟಿದೆ, ಕಾಲು ಹಿಡಿದು ತಟ್ಟಿದೆ. ಅಳಲಿಲ್ಲ. ಗೌರವ್ವ, "ಅಕ್ಕಾ, ಯಾಕ ಸುಮ್ಮನೈತಿ?" ಎಂದಳು. ನಾನು ಕೂಸನ್ನು ಸಿದರಾಯನ ಕೈಗೆ ಕೊಟ್ಟೆ. ಅವನು ಅದನ್ನು ತನ್ನ ತಲೆಯ ಪಟಗದಲ್ಲಿ ಸುತ್ತಿಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂದ.

ಮೂರನೇ ದಿನ ಗೌರವ್ವನ ಎದೆಯಲ್ಲಿ ಹಾಲು ಇಳಿಯಿತು. ಕುಡಿಯುವವರಿಲ್ಲ. ಎದೆ ಕಲ್ಲಾಗಿ ಜ್ವರ ಬಂತು. ನಾನು ಬಟ್ಟೆ ಬಿಗಿದು ಕಟ್ಟಿದೆ. ಹಾಲು ಬಟ್ಟೆ ತೋಯಿಸಿ ಕೆಳಗಿಳಿಯಿತು. ಅದನ್ನು ನೋಡುತ್ತ ಕೂತ ನನಗೆ, ಆ ಕಾರ್ಖಾನೆಗೆ ಬೆಂಕಿ ಬೀಳಲಿ ಎನ್ನಿಸಿತು. ಅನ್ನಿಸಿದ್ದನ್ನು ಅನ್ನಿಸಿತು ಎಂದೇ ಹೇಳುತ್ತೇನೆ.

ಅಷ್ಟರಲ್ಲಿ ಕಲ್ಲಯ್ಯ ಬಂದ. ಕೇರಿಯೊಳಗೆ ಬರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಕೂಗಿದ. "ಲಗಮವ್ವಾ, ಸಾವಕಾರ್ರು ಕರದಾರ. ಲಗೂನ ಬಾ."

ಹೋದೆ. ಆಫೀಸಿನಲ್ಲಿ ಗುರುಪಾದಪ್ಪ ಇದ್ದ, ಉತ್ತಮನೂ ಇದ್ದ. ಅಲ್ಲಿಯವರೆಗೆ ನನ್ನನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಗುರುಪಾದಪ್ಪ ಅಂದು ಒಳಗೆ ಕರೆದ.

"ಆಗಬಾರದ್ದ ಆತು. ಶಿವನ ಇಚ್ಛಾ. ಯಾರ ಏನ ಮಾಡಾಕ ಬರತೈತಿ? ನಿಮ್ಮ ಕೇರಿ ಬಾವಿ ನೀರ ಸರಿ ಇಲ್ಲಂತಲ್ಲ?"

"ಬಾವಿ ನೀರ ಚಲೋ ಐತ್ರಿ."

"ಸರಿ ಇಲ್ಲ," ಎಂದು ಅವನು ಒತ್ತಿ ಹೇಳಿದ. "ನಾಳೆ ಮುಂಬೈ ಸಾಹೇಬರ ಬರಾಕತ್ತಾರ. ಖಾನಾಪುರದ ಸುದ್ದಿ ಅವರ ಕಿವಿಗೂ ಬಿದ್ದೈತಿ. ಕೇಳಿದ್ರ ನೀರಿನಿಂದ ಆತು ಅಂತ ಹೇಳ. ನಾಳಿಂದ ನಿನಗ ಪ್ಯಾಕಿಂಗ್ ಖೋಲ್ಯಾಗ ಕೆಲಸಾ. ಗೌರವ್ವ ಎದ್ದ ಮ್ಯಾಲ ಆಕೀನೂ ಅಲ್ಲೇ."

"ಈಗ ತಿನ್ನೂ ಮಂದಿ ಒಪ್ಪತಾರೇನ್ರಿ?" ಎಂದೆ.

ಅವನ ಮುಖ ಕಪ್ಪಿಟ್ಟಿತು. ನಾನು ಉತ್ತಮನ ಕಡೆ ತಿರುಗಿದೆ.

"ಸಾಹೇಬ್ರ, ಸುಟ್ಟ ಎಣ್ಣ್ಯಾಗ ವಿಷ ಹುಟ್ಟತಾವ ಅಂತ ನೀವ ಹೇಳಿದ್ರಿ. ಅದನ್ನ ನಮಗ ಹಾಕೂದನ್ನ ಕಿಡಕ್ಯಾಗ ನಿಂತ ನೋಡಿದ್ರಿ. ನನ್ನ ಮಾರಿ ನೋಡಿ ಇಲ್ಲ ಅನ್ರಿ."

ಅವನು ಪೆನ್ನಿನ ಟೊಪ್ಪಿಗೆ ತೆಗೆದ, ಹಾಕಿದ. "ಸಾಬೂನ ಮಾಡೋರಿಗೆ ಕೊಡ್ರಿ ಅಂತ ನಾ ಹೇಳಿದ್ದೆ ಲಗಮವ್ವಾ. ಖರೇನ ಹೇಳಿದ್ದೆ. ಇವ್ರು ಕೇಳಲಿಲ್ಲ. ನಾ ಏನ ಮಾಡ್ಲಿ? ಪ್ಯಾಕೆಟಿನ ಒಳಗಿನದಷ್ಟ ನನ್ನ ಜವಾಬ್ದಾರಿ."

ಥೂ, ಇವನ ಓದಿಗೆ ಬೆಂಕಿ ಹಾಕ. ವಿಷ ಎಲ್ಲಿ ಹುಟ್ಟುತ್ತದೆ ಎಂದು ಕಲಿತು ಬಂದ. ಅದನ್ನು ಪ್ಯಾಕೆಟ್ಟಿನಿಂದ ತೆಗೆಯುವುದು ಹೇಗೆ ಎಂದು ಕಲಿತು ಬಂದ. ನಮ್ಮ ಉಗುರಿನಿಂದ ಕೆರೆಸಿ ತೆಗೆದ. ತೆಗೆದದ್ದನ್ನು ನಮ್ಮ ಹೊಟ್ಟೆಗೇ ಸುರಿಯುವಾಗ ಅವನ ಜವಾಬ್ದಾರಿ ಮುಗಿದಿತ್ತು.

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಮ್ಮಂಥವರು ಸುಮ್ಮನಿದ್ದರೆ ಒಪ್ಪಿಕೊಂಡರು ಎಂದೇ ಅವರ ತಿಳಿವಳಿಕೆ. ತಿಳಿದುಕೊಳ್ಳಲಿ ಎಂದು ಬಿಟ್ಟೆ. ಹಿಂದಿನ ಕಡಾಯಿ ಶೆಡ್ಡಿಗೆ ಮುಂಬೈಯವರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರ ಮುಂದೆ ನಿಲ್ಲಬೇಕಿದ್ದರೆ ನಾನು ಪ್ಯಾಕಿಂಗ್ ಖೋಲಿಯಲ್ಲೇ ಇರಬೇಕಿತ್ತು.

ಮರುದಿನ ನನಗೆ ಬಿಳಿ ಟೊಪ್ಪಿಗೆ ಹಾಕಿಸಿದರು, ಬಿಳಿ ಏಪ್ರನ್ ಕಟ್ಟಿಸಿದರು. ಫ್ಯಾನು ತಿರುಗುತ್ತಿತ್ತು. ನಾನು ಕೂತ ಬೆಂಚಿನಿಂದ ಉಳಿದ ಹೆಂಗಸರು ಎದ್ದು ಆಚೆಯ ಬೆಂಚಿಗೆ ಹೋದರು. ಮುಂದೆ ಒಂದು ರಾಶಿ ಪ್ಯಾಕೆಟ್ಟು. ಅವನ್ನು ಮುಟ್ಟಬೇಡ, ಸುಮ್ಮನೆ ಕೂಡು ಎಂದು ಕಲ್ಲಯ್ಯ ಕಿವಿಯ ಹತ್ತಿರ ಬಂದು ಹೇಳಿ ಹೋದ.

ಮುಂಬೈಯಿಂದ ಇಬ್ಬರು ಬಂದರು, ಸಫಾರಿ ತೊಟ್ಟವರು. ಉತ್ತಮ ಶೀಶೆ ಎತ್ತಿ ಗುಲಾಬಿ ಬಣ್ಣ ತೋರಿಸಿದ. ಅವರು ತಲೆದೂಗಿದರು. ಆಮೇಲೆ ಹಿರಿಯವನು ನನ್ನ ಕಡೆ ನೋಡಿ ಉತ್ತಮನಿಗೆ ಮರಾಠಿಯಲ್ಲಿ ಕೇಳಿದ, ಖಾನಾಪುರದಲ್ಲಿ ಏನೋ ಆಯಿತಂತೆ, ಈ ಹೆಂಗಸು ಅಲ್ಲಿಯವಳೇ ಅಂತೆ. ಉತ್ತಮ ನನಗೆ ಕನ್ನಡದಲ್ಲಿ ಹೇಳಲು ಬಾಯಿ ತೆರೆದ.

ಊರ ತುಂಬ ಮರಾಠಿ ಕೇಳಿ ಬೆಳೆದ ಖಾನಾಪುರದ ಹೆಂಗಸಿಗೆ ಮರಾಠಿ ತಿಳಿಸಿ ಹೇಳಲು ಇವನ್ಯಾರು? ನಾನು ಎದ್ದು ನಿಂತು ಮರಾಠಿಯಲ್ಲೇ ಹೇಳಿದೆ. "ಪಾಣಿ ನಾಹೀ ಸಾಹೇಬ, ತೇಲ." ನೀರಲ್ಲ, ಎಣ್ಣೆ. ಈ ಕಾರ್ಖಾನೆಯ ಎಣ್ಣೆ.

ಗುರುಪಾದಪ್ಪ, "ಆಕಿಗೆ ತಲಿ ಸರಿ ಇಲ್ರಿ," ಎಂದ. ಹಿರಿಯ ಸಾಹೇಬ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ. ನನಗೆ ಎದೆ ಹಗುರಾಯಿತು. ಕೇಳುವವನು ಸಿಕ್ಕ ಎಂದುಕೊಂಡೆ.

ಅವನು ಒಂದು ಪ್ಯಾಕೆಟ್ಟು ಕೈಗೆತ್ತಿಕೊಂಡ. ಈ ಪ್ಯಾಕೆಟ್ಟಿನಲ್ಲಿರುವ ಎಣ್ಣೆಯೇ ಎಂದು ಕೇಳಿದ.

ಅಲ್ಲ ಎಂದೆ. ಪ್ಯಾಕೆಟ್ಟಿನ ಎಣ್ಣೆ ಚಲೋ ಇದೆ. ಅದು ಚಲೋ ಇರಲಿ ಎಂದು ತೆಗೆದ ವಿಷವನ್ನು ನಮಗೆ ಸುರಿದರು. ನನ್ನ ತಂಗಿಯ ಕೂಸು ಹೊಟ್ಟೆಯಲ್ಲೇ ಸತ್ತಿತು. ಇಷ್ಟನ್ನೂ ಹೇಳಿದೆ.

ಅವನು ಉಸಿರು ಬಿಟ್ಟ. ಉತ್ತಮನ ಕಡೆ ತಿರುಗಿ ಕೇಳಿದ, ಪ್ಯಾಕೆಟ್ಟು ಸರಿ ಇದೆಯಲ್ಲ? ಉತ್ತಮ ಸರಿ ಇದೆ ಎಂದ. "ಮಗ ಝಾಲಂ," ಎಂದ ಸಾಹೇಬ. ಹಾಗಾದರೆ ಮುಗಿಯಿತು ಎಂದು. ಪ್ಯಾಕೆಟ್ಟು ಹರಿದು ಶೇವು ಬಾಯಿಗೆ ಹಾಕಿಕೊಂಡು ಕುರುಕುರು ಅಗಿದ. ಇನ್ನೊಬ್ಬನಿಗೂ ಕೊಟ್ಟ.

ನಾನು ಟೊಪ್ಪಿಗೆ ಕಿತ್ತು ಅವನ ಮುಂದೆ ಬಿಸಾಡಿದೆ. ಅದು ಶೇವಿನ ತಟ್ಟೆಯಲ್ಲಿ ಬಿತ್ತು. ಯಾರೂ ಮುಟ್ಟಲಿಲ್ಲ.

ಸೀದಾ ಹಿಂದಿನ ಶೆಡ್ಡಿಗೆ ಹೋದೆ. ಆಗಷ್ಟೇ ಕಡಾಯಿ ಇಳಿಸಿದ್ದರು. ನಮ್ಮ ಕೇರಿಯ ಹೆಂಗಸರು ಸೀರೆ ಮೇಲಕ್ಕೆ ಕಟ್ಟಿ ಇಳಿಯಲು ನಿಂತಿದ್ದರು. "ಇಳೀಬ್ಯಾಡ್ರೇ," ಎಂದು ಕೂಗಿದೆ. "ಒಬ್ಬಾಕೀನೂ ಇಳೀಬ್ಯಾಡ್ರಿ. ನಮ್ಮ ಕೂಸು ಸತ್ತದ್ದು ಅವರಿಗೆ ಏನೂ ಅಲ್ಲಂತ. ಪ್ಯಾಕೆಟ್ ಚಲೋ ಐತಂತ. ಹೆಂಗ ಚಲೋ ಇರತೈತಿ ನೋಡೂಣು, ನಡೀರಿ." ಸಿದರಾಯ ಹೆಗಲ ಮೇಲಿದ್ದ ಕಟ್ಟಿಗೆಯನ್ನು ಅಲ್ಲೇ ಕೆಡವಿದ. ಹೆಂಗಸರು ಇಟ್ಟಂಗಿ ಚೂರುಗಳನ್ನು ಕಡಾಯಿಯೊಳಗೆ ಎಸೆದರು.

ಗುರುಪಾದಪ್ಪ ಗೇಟಿನವರೆಗೆ ಓಡಿ ಬಂದ. "ಹೋದ್ರ ಹೋಗ್ರಿ ಹಾಟ್ಯಾರ! ಮತ್ತ ಬಂದ್ರ ಒಳಗ ಬಿಡಂಗಿಲ್ಲ. ನಿಮ್ಮಂಥಾವ್ರು ನೂರ ಮಂದಿ ಸಿಗತಾರ ನನಗ."

"ಹುಡಕ್ಕೋರಿ," ಎಂದೆ. "ಆ ಕಡಾಯ್ಯಾಗ ಇಳ್ಯಾವ್ರನ್ನ ಹುಡಕ್ಕೋರಿ."

ಹುಡುಕಿದ. ಬೆಳಗಾವಿಯ ಕೇರಿಗಳಿಗೆಲ್ಲ ಆಳು ಅಟ್ಟಿದ. ಆದರೆ ಸಿದರಾಯ ಅವನಿಗಿಂತ ಮೊದಲೇ ಅಲ್ಲಿಗೆಲ್ಲ ಹೋಗಿ ಹೇಳಿ ಬಂದಿದ್ದ. ಒಬ್ಬರೂ ಬರಲಿಲ್ಲ. ಪ್ಯಾಕಿಂಗ್ ಖೋಲಿಯ ಹೆಂಗಸರಿಗೆ ಹೇಳಿದ. ಅವರು, ಅದು ಹೊಲೆಯರ ಕೆಲಸ, ನಾವು ಮುಟ್ಟುವುದಿಲ್ಲ ಎಂದರು. ಕಲ್ಲಯ್ಯನಿಗೆ ಹೇಳಿದ. ಕಲ್ಲಯ್ಯ ಲಿಂಗ ಮುಟ್ಟಿಕೊಂಡು, ನೌಕರಿ ಬಿಟ್ಟೇನು, ಅದರೊಳಗೆ ಇಳಿಯುವುದಿಲ್ಲ ಎಂದನಂತೆ. ನಮ್ಮನ್ನು ಹೊರಗಿಡಲು ಕಟ್ಟಿದ ಗೋಡೆ ಈಗ ಗುರುಪಾದಪ್ಪನಿಗೇ ಅಡ್ಡವಾಯಿತು.

ತಿಕ್ಕದ ಕಡಾಯಿಯಲ್ಲೇ ಕರಿದರು. ಕಿಟ್ಟದ ಮೇಲೆ ಕಿಟ್ಟ ಕೂತಿತು. ಹೊಸ ಎಣ್ಣೆ ಹಾಕಿದರೂ ಮಧ್ಯಾಹ್ನದೊಳಗೆ ಕಪ್ಪಾಯಿತು. ಉತ್ತಮ ಹನಿ ಬಿಟ್ಟೇ ಬಿಟ್ಟ, ಗುಲಾಬಿ ಬಣ್ಣ ಬರಲಿಲ್ಲ. ಗೇಟಿನ ಮುಂದೆ ಚಹಾ ಮಾರುವವನು ಇದನ್ನೆಲ್ಲ ಬಾಯಿ ಚಪ್ಪರಿಸಿ ಹೇಳಿದ. ಮುಂಬೈಯಿಂದ ಬಂದ ಲಾರಿ ಖಾಲಿ ತಿರುಗಿ ಹೋಯಿತಂತೆ. ಆ ಸುದ್ದಿ ಕೇಳಿ ನನಗೆ ಸಂತೋಷವಾಯಿತು. ಮನೆಯಲ್ಲಿ ರೊಟ್ಟಿಗೆ ಹಿಟ್ಟಿರಲಿಲ್ಲ, ಆದರೂ ಆಯಿತು.

ಆಮೇಲೆ ಅವನೇ ಬಂದ. ಹಂಚಿನ ಭಟ್ಟಿಯ ಹತ್ತಿರ ಕಾರು ನಿಲ್ಲಿಸಿ, ಧೋತರದ ಚುಂಗು ಎತ್ತಿ ಹಿಡಿದು, ಗುರುಪಾದಪ್ಪ ನಮ್ಮ ಕೇರಿಯೊಳಗೆ ನಡೆದು ಬಂದ. ಹಿಂದೆ ಉತ್ತಮ. ಅವನ ಹಿಂದೆ ಡ್ರೈವರ್, ಎರಡೂ ಕೈಯಲ್ಲಿ ಹೊಸ ಎಣ್ಣೆಯ ಡಬ್ಬ. ಕೇರಿಯೆಲ್ಲ ಕೂಡಿತು. ಯಾರೋ ಬಾಜು ಇದ್ದ ಹೊರಸು ತೋರಿಸಿ, "ಕುಂದರ್ರಿ," ಎಂದರು. ಅವನು ಕೂಡಲಿಲ್ಲ.

"ಆಗಿದ್ದ ಆತು," ಎಂದ. "ಸಿಟ್ಟ ಸಾಕಿನ್ನ. ಸೋಮವಾರದ್ದು ಬಂದ್ ಮಾಡೇನಿ. ಇದ ಹೊಸಾ ಎಣ್ಣಿ ನೋಡ್ರಿ, ಸೀಲ್ ಒಡದಿಲ್ಲ. ಮನಿಗೊಂದೊಂದ ಡಬ್ಬ ಕೊಡಸತೇನಿ. ನಾಳಿಂದ ಕೆಲಸಕ್ಕ ಬರ್ರಿ."

"ಲಗಮವ್ವಾ, ನಾನೂ ಹೇಳತೇನಿ," ಎಂದ ಉತ್ತಮ. "ಇನ್ನಮ್ಯಾಲ ಆ ಎಣ್ಣಿ ಎಲ್ಲಿಗೆ ಹೋಗತೈತಿ ಅಂತ ನಾನ ನಿಂತ ನೋಡತೇನಿ."

"ಆವಾಗೂ ನಿಂತ ನೋಡೇರಿ," ಎಂದೆ.

ಆಗ ಗೌರವ್ವ ಹೊರಗೆ ಬಂದಳು. ಅಷ್ಟು ದಿನ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು. ಎದೆಗೆ ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಮುಚ್ಚಿಕೊಳ್ಳಲಿಲ್ಲ. ಬಾಗಿಲ ಕಂಬ ಹಿಡಿದು ನಿಂತಳು. ಮಂದಿ ದಾರಿ ಬಿಟ್ಟರು.

"ಸಾವಕಾರ್ರ, ನೀವ ನೀರ ಹೆಂಗೈತಿ ಅಂತ ಕೇಳಿದ್ರಂತ," ಎಂದಳು. "ಮುಂಬೈ ಸಾಹೇಬ ಪ್ಯಾಕೆಟ್ ಹೆಂಗೈತಿ ಅಂತ ಕೇಳಿದ್ನಂತ. ಈ ಸಾಹೇಬ್ರು ದಿನಾ ಎಣ್ಣಿ ಹೆಂಗೈತಿ ಅಂತ ಕೇಳತಾರ. ನಾ ಒಂಬತ್ತ ವರ್ಸಕ್ಕ ಹಡದೆ. ಗಂಡೋ, ಹೆಣ್ಣೋ ಅಂತ ಒಬ್ಬರರ ಕೇಳಿದ್ರೇನು?"

ಗುರುಪಾದಪ್ಪ ಉತ್ತಮನ ಮುಖ ನೋಡಿದ. ಉತ್ತಮ ನೆಲ ನೋಡಿದ. ಡ್ರೈವರ್ ಎಣ್ಣೆಯ ಡಬ್ಬಗಳನ್ನು ಮೆಲ್ಲಗೆ ಕೆಳಗಿಟ್ಟ.

"ಹಂಗಲ್ಲವಾ, ನಾನು..." ಎಂದು ಗುರುಪಾದಪ್ಪ ಗಂಟಲು ಸರಿಮಾಡಿಕೊಂಡ. "ಏನಿತ್ತವಾ? ಗಂಡೋ, ಹೆಣ್ಣೋ?"

"ನಿಮಗ ಹೇಳಂಗಿಲ್ಲ," ಎಂದಳು ಗೌರವ್ವ. "ಕಡಾಯಿನೂ ತಿಕ್ಕಂಗಿಲ್ಲ. ಡಬ್ಬ ತಗೊಂಡ ನಡೀರಿ."